ಎಸ್‌ಇಲಿನಕ್ಸ್ ಆಫ್ ಮಾಡೋ ಮುಂಚೆ ಒಂದು ಬಗ್ ಹಾಕಿ

ತಾಂತ್ರಿಕ ವಿಷಯ ಬರೆದ್ರೆ ಅರ್ಧಕ್ಕೇ ಬಿಟ್ಟು ಓಡೋ ಗೆಳೆಯರು ಇಲ್ಲಿ ತುಂಬಾ ಇದ್ದೀರ ಅಂತ ನಂಗೊತ್ತು. ಈ ಸಲ ಸ್ವಲ್ಪ ಸಹಿಸ್ಕೊಳ್ಳಿ :-) ಲಿನಕ್ಸ್ ಬಳಸೋರಿಗಂತೂ ಇದು ನೇರವಾಗಿ ತಟ್ಟೋ ವಿಷಯ. ಬಳಸದೇ ಇರೋರಿಗೂ ಸಂಬಂಧ ಇದೆ, ಅದು ಹೇಗೆ ಅಂತ ಮುಂದೆ ಹೇಳ್ತೀನಿ.

ಫೆಡೋರಾನೋ, ಆಲ್ಮಾ ಲಿನಕ್ಸೋ ಹಾಕ್ಕೊಂಡು ಅದರ ಮೇಲೆ ಏನಾದ್ರೂ ಒಂದು ಸಾಫ್ಟ್‌ವೇರ್ ಕೂರಿಸೋದು ಹೇಗೆ ಅಂತ ಹುಡುಕಿ ನೋಡಿ. ಎಷ್ಟೋ ಕೈಪಿಡಿಗಳಲ್ಲಿ ಮೊದಲನೇ ಹೆಜ್ಜೆಯೇ "ಎಸ್‌ಇಲಿನಕ್ಸ್ ಆಫ್ ಮಾಡಿ" ಅಂತ ಇರುತ್ತೆ. ಯಾಕೆ ಅಂತ ಬರೆದಿರಲ್ಲ. ನಾನು ಹಿಂದೆ ಕೆಲಸ ಮಾಡಿದ ಒಂದು ಕಂಪನಿಯಲ್ಲಿ ಸರ್ವರ್ ಸಿದ್ಧ ಮಾಡೋ ದಾಖಲೆಯಲ್ಲೂ ಎರಡನೇ ಸಾಲೇ ಅದು. ಬರೆದವರು ಯಾವಾಗಲೋ ಕಂಪನಿ ಬಿಟ್ಟು ಹೋಗಿದ್ರು. ಕೇಳಿದ್ರೆ "ಅದು ಇದ್ರೆ ಕೆಲಸ ಆಗಲ್ಲ ಗುರೂ" ಅನ್ನೋ ಉತ್ತರ. ಯಾವ ಕೆಲಸ ಆಗಲ್ಲ, ಯಾವತ್ತು ಆಗಲಿಲ್ಲ, ಈಗಲೂ ಆಗಲ್ವಾ... ಇದಕ್ಕೆ ಯಾರ ಹತ್ರಾನೂ ಉತ್ತರ ಇರಲಿಲ್ಲ. ಹಿರಿಯರು ಮಾಡ್ಕೊಂಡು ಬಂದಿದ್ದಾರೆ, ನಾವೂ ಮಾಡ್ತೀವಿ. ಶ್ರಾದ್ಧದಲ್ಲಿ ಬೆಕ್ಕನ್ನ ಕಟ್ಟಿ ಹಾಕೋ ಕಥೆ ಕೇಳಿದ್ದೀರಲ್ಲ, ಥೇಟ್ ಅದೇ.

ಎಸ್‌ಇಲಿನಕ್ಸ್ ಅಂದ್ರೇನು ಅಂತ ಚುಟುಕಾಗಿ ಹೇಳಿಬಿಡ್ತೀನಿ, ಗೊತ್ತಿರೋರು ಹಾರಿಸ್ಕೊಂಡು ಹೋಗಿ. ಮಾಮೂಲಿ ಲಿನಕ್ಸಿನಲ್ಲಿ ಒಂದು ಫೈಲನ್ನ ಯಾರು ಓದಬಹುದು, ಯಾರು ತಿದ್ದಬಹುದು ಅನ್ನೋದು ಆ ಫೈಲಿನ ಯಜಮಾನನಿಗೆ ಬಿಟ್ಟಿದ್ದು. ರೂಟ್ ಆದವನಿಗಂತೂ ಯಾವ ಬಾಗಿಲೂ ಮುಚ್ಚಿಲ್ಲ. ಎಸ್‌ಇಲಿನಕ್ಸ್ ಇದರ ಮೇಲೆ ಇನ್ನೊಂದು ತಪಾಸಣೆ ಸೇರಿಸುತ್ತೆ. ಓಡ್ತಿರೋ ಪ್ರತಿ ಪ್ರೋಗ್ರಾಮಿಗೂ, ಡಿಸ್ಕಲ್ಲಿರೋ ಪ್ರತಿ ಫೈಲಿಗೂ ಒಂದೊಂದು ಲೇಬಲ್. ವೆಬ್ ಸರ್ವರಿಗೆ ‘ಎಚ್‌ಟಿಟಿಪಿಡಿ_ಟಿ’, ನಿಮ್ಮ ಹೋಮ್ ಫೋಲ್ಡರಿನ ಫೈಲುಗಳಿಗೆ ‘ಯೂಸರ್_ಹೋಮ್_ಟಿ’, ಫಾಂಟುಗಳಿಗೆ ‘ಫಾಂಟ್ಸ್_ಟಿ’, ಹೀಗೆ. ಯಾವ ಲೇಬಲ್ಲಿನ ಪ್ರೋಗ್ರಾಮು ಯಾವ ಲೇಬಲ್ಲಿನ ಫೈಲಿಗೆ ಏನೇನು ಮಾಡಬಹುದು ಅಂತ ಬರೆದಿಟ್ಟ ಹತ್ತಾರು ಸಾವಿರ ನಿಯಮಗಳ ಪಟ್ಟಿಯೇ ಪಾಲಿಸಿ. ಪಟ್ಟಿಯಲ್ಲಿ ಇಲ್ಲದ್ದೆಲ್ಲ ಬೇಡ ಅಂತಲೇ ಅರ್ಥ. ನಮ್ಮ ಸ್ಟೂಡೆಂಟ್ ಬಸ್ ಪಾಸ್ ನೆನಪಿಸ್ಕೊಳ್ಳಿ. ಹಾಸನ–ಹೊಳೆನರಸೀಪುರ ಅಂತ ಬರೆದಿರೋ ಪಾಸು ಅರಸೀಕೆರೆ ಬಸ್ಸಲ್ಲಿ ನಡೆಯಲ್ಲ. ಡಿಪೋ ಮ್ಯಾನೇಜರ್ ಮಗ ಹತ್ತಿದ್ರೂ ಕಂಡಕ್ಟರ್ ನೋಡೋದು ಪಾಸನ್ನೇ. ಹಾಗೇ ಇಲ್ಲಿ ರೂಟ್ ಆಗಿ ಓಡ್ತಿರೋ ಪ್ರೋಗ್ರಾಮಿಗೂ ಪಾಸ್ ತೋರಿಸದೆ ಗತಿಯಿಲ್ಲ.

ಇದನ್ನ ಕಟ್ಟಿದ್ದು ಅಮೆರಿಕದ ಎನ್‌ಎಸ್‌ಎ, ಅದೇ ಕದ್ದು ಕೇಳೋ ಸಂಸ್ಥೆ! 2000ದ ಡಿಸೆಂಬರಿನಲ್ಲಿ ಕೋಡ್ ಬಹಿರಂಗ ಮಾಡಿದ್ರು, 2003ರಲ್ಲಿ 2.6ನೇ ಕರ್ನಲ್ಲಿಗೆ ಸೇರಿತು. 2004ರ ಫೆಡೋರಾ ಕೋರ್ 2ರ ಜೊತೆ ಎಲ್ಲವನ್ನೂ ಬಿಗಿದು ಕಟ್ಟೋ ಪಾಲಿಸಿ ಬಂತು, ಪ್ರಯತ್ನಿಸಿದವರು ಒದ್ದಾಡಿಹೋದ್ರು. ಅದೇ ವರ್ಷದ ಕೊನೆಗೆ ಬಂದ ಕೋರ್ 3ರಲ್ಲಿ, ನೆಟ್‌ವರ್ಕಿಗೆ ತೆರೆದುಕೊಂಡಿರೋ ಕೆಲವು ಸರ್ವಿಸ್‌ಗಳನ್ನ ಮಾತ್ರ ಕಟ್ಟೋ ‘ಟಾರ್ಗೆಟೆಡ್’ ಪಾಲಿಸಿ ಮಾಮೂಲಾಯ್ತು. ಆಮೇಲೆ ವರ್ಷದಿಂದ ವರ್ಷಕ್ಕೆ ಪಟ್ಟಿ ಬೆಳೆದಿದೆ, ಸುಧಾರಿಸಿದೆ. ಆಫ್ ಮಾಡಿ ಅನ್ನೋ ಸಲಹೆ ಮಾತ್ರ ಆ ಕಾಲದಲ್ಲೇ ನಿಂತುಬಿಟ್ಟಿದೆ.

ಲಿನಕ್ಸ್ ಬಳಸದವರಿಗೂ ಸಂಬಂಧ ಇದೆ ಅಂದೆನಲ್ಲ. ನಿಮ್ಮ ಜೇಬಲ್ಲಿರೋ ಆಂಡ್ರಾಯ್ಡ್ ಫೋನಿನಲ್ಲೂ ಇದೇ ಇದೆ. 2013ರಲ್ಲಿ 4.3ನೇ ಆವೃತ್ತಿಯಲ್ಲಿ ಬರೀ ನೋಡಿ ಬರೆದುಕೊಳ್ಳೋ ರೀತಿಯಲ್ಲಿ ಬಂತು, 2014ರ 5.0ರಿಂದ ಪೂರ್ತಿ ಜಾರಿ. ಫೋನಿನ ಸೆಟ್ಟಿಂಗ್ಸಿನಲ್ಲಿ ಎಸ್‌ಇಲಿನಕ್ಸ್ ಆಫ್ ಮಾಡೋ ಬಟನ್ ಇಲ್ಲ. ಬಟನ್ ಇಲ್ಲದ್ದರಿಂದ ಏನಾಯ್ತು? ಫೋನ್ ಮಾಡೋ ಕಂಪನಿಗಳು ತಮ್ಮ ಕ್ಯಾಮೆರಾ ಓಡಬೇಕಾದ್ರೆ, ಬ್ಲೂಟೂತ್ ಓಡಬೇಕಾದ್ರೆ ಪಾಲಿಸಿಯನ್ನ ಸರಿ ಮಾಡಲೇಬೇಕಾಯ್ತು. ಸರ್ವರ್ ಲೋಕದಲ್ಲಿ ಬಟನ್ ಇದೆ, ಅದಕ್ಕೇ ನಾವು ಸೋಮಾರಿಗಳು ಅಂತ ನನ್ನ ವಾದ.

ಆಫ್ ಮಾಡಿದ್ರೆ ಏನು ಕಳ್ಕೋತೀವಿ ಅನ್ನೋದಕ್ಕೆ ಒಂದೇ ಉದಾಹರಣೆ ಸಾಕು. 2019ರ ಫೆಬ್ರವರಿಯಲ್ಲಿ ‘ರನ್‌ಸಿ’ಯಲ್ಲಿ ಒಂದು ದೊಡ್ಡ ತೂತು ಸಿಕ್ತು. ಡಾಕರ್ ಥರದ ಕಂಟೇನರುಗಳನ್ನ ಶುರು ಮಾಡೋ ಪ್ರೋಗ್ರಾಮು ಅದು. ಕಂಟೇನರ್ ಒಳಗಿನ ಕಿಡಿಗೇಡಿ ಹೊರಗಿರೋ ಆ ರನ್‌ಸಿ ಫೈಲನ್ನೇ ಬದಲಾಯಿಸಿ ಇಡೀ ಯಂತ್ರಕ್ಕೆ ರೂಟ್ ಆಗಬಹುದಿತ್ತು. ರೆಡ್ ಹ್ಯಾಟ್ ಲಿನಕ್ಸ್ 7ರಲ್ಲಿ ಎಸ್‌ಇಲಿನಕ್ಸ್ ಜಾರಿಯಲ್ಲಿದ್ರೆ ಅದು ಆಗ್ತಿರಲಿಲ್ಲ. ಕಂಟೇನರಿನ ಲೇಬಲ್ಲಿಗೆ ಹೊರಗಿನ ಆ ಫೈಲನ್ನ ಬರೆಯೋ ಪಾಸು ಇರಲಿಲ್ಲ, ಅಷ್ಟೇ. ತೂತು ಇದೆ ಅಂತ ಜಗತ್ತಿಗೆ ಗೊತ್ತಾಗೋ ಮುಂಚೆಯೇ ಅಡ್ಡಿ ಅಲ್ಲಿತ್ತು. ಎರಡನೇ ಹೆಜ್ಜೆಯಲ್ಲೇ ಆಫ್ ಮಾಡಿದ್ದವರು ಆ ವಾರ ಪ್ಯಾಚ್ ಹಿಡ್ಕೊಂಡು ಓಡಾಡಿರಬೇಕು.

ಇಲ್ಲಿವರೆಗೂ ಹೇಳಿದ್ದು ಬೇರೆಯವರೂ ಹೇಳಿರೋದೇ. ರೆಡ್ ಹ್ಯಾಟಿನಲ್ಲಿ ಎಸ್‌ಇಲಿನಕ್ಸ್ ತಂಡ ನಡೆಸ್ತಿದ್ದ ಡಾನ್ ವಾಲ್ಷ್ ವರ್ಷಗಟ್ಟಲೆ ಇದನ್ನೇ ಹೇಳಿದ್ರು. ಮಕ್ಕಳು ಬಣ್ಣ ತುಂಬೋ ಥರದ ಪುಸ್ತಕಾನೂ ಬಂತು, ನಾಯಿ ಬೆಕ್ಕಿನ ಚಿತ್ರ ಹಾಕಿ. ನೀವು ‘ಸೆಟ್‌ಎನ್‌ಫೋರ್ಸ್ 0’ ಅಂತ ಒತ್ತಿದಾಗಲೆಲ್ಲ ಆ ಮನುಷ್ಯ ಅಳ್ತಾನೆ ಅನ್ನೋ ಜೋಕೂ ಹುಟ್ಟಿತು. ನನಗೆ ಬೇಜಾರು ಆಫ್ ಮಾಡೋರ ಮೇಲೆ ಅಷ್ಟಿಲ್ಲ. ಆಫ್ ಮಾಡದೇ, ಆದ್ರೆ ಬಗ್ಗನ್ನೂ ವರದಿ ಮಾಡದೇ, ನಡುವೆ ಒಂದು ಅಡ್ಡದಾರಿ ಹಿಡಿಯೋರ ಮೇಲೆ. ಅವರು ಒಳ್ಳೇ ಇಂಜಿನಿಯರುಗಳು, ಅದೇ ದುಃಖ.

ಆ ಅಡ್ಡದಾರಿಯ ಹೆಸರು ‘ಆಡಿಟ್‌2ಅಲೋ’. ಎಸ್‌ಇಲಿನಕ್ಸ್ ಏನನ್ನಾದ್ರೂ ತಡೆದಾಗ ಆಡಿಟ್ ಲಾಗಿನಲ್ಲಿ ‘ಎವಿಸಿ ಡಿನೈಡ್’ ಅಂತ ಒಂದು ಸಾಲು ಬೀಳುತ್ತೆ. ಆ ಸಾಲನ್ನ ಈ ಉಪಕರಣಕ್ಕೆ ಕೊಟ್ರೆ ಅದನ್ನ ಅನುಮತಿಸೋ ನಿಯಮ ತಾನೇ ಬರೆದುಕೊಡುತ್ತೆ. ಲೋಡ್ ಮಾಡಿದ್ರೆ ಮುಗೀತು, ಕೆಲಸ ನಡೀತು, ಟೀ ಕುಡಿಯೋಕೆ ಹೋಗಬಹುದು. ಅಂದ್ರೆ ಏನು? ತಪ್ಪು ಬಸ್ಸು ಹತ್ತಿದವನಿಗೆ ಕಂಡಕ್ಟರ್ ಅಲ್ಲೇ ಆ ರೂಟಿನ ಖಾಯಂ ಪಾಸ್ ಬರೆದುಕೊಟ್ಟ ಹಾಗೆ. ಅವನು ಯಾಕೆ ಹತ್ತಿದ ಅಂತ ಕೇಳೋದೇ ಇಲ್ಲ.

ಒಂದು ನಿಜವಾದ ಪ್ರಸಂಗ ಹೇಳ್ತೀನಿ, ಕನ್ನಡದವರಿಗೆ ಇದು ಚೆನ್ನಾಗಿ ಅರ್ಥ ಆಗುತ್ತೆ. ಗೆಳೆಯನೊಬ್ಬ ಒಂದು ಸಣ್ಣ ಸಹಕಾರ ಸಂಘಕ್ಕೆ ಕನ್ನಡದಲ್ಲಿ ರಸೀದಿ ತಯಾರಿಸೋ ವೆಬ್ ಪ್ರೋಗ್ರಾಮ್ ಬರೆದಿದ್ದ. ಪಿಡಿಎಫ್ ಬರುತ್ತೆ, ಆದ್ರೆ ಅಕ್ಷರ ಇರೋ ಕಡೆ ಎಲ್ಲಾ ಚೌಕ ಚೌಕ ಡಬ್ಬ. (ಒತ್ತಕ್ಷರ ಸರಿಯಾಗಿ ಕೂರೋದು ಬೇರೆ ಕಥೆ, ಅದು ಇನ್ನೊಂದು ದಿನಕ್ಕಿರಲಿ.) ಅದೇ ಫಾಂಟು ಅದೇ ಯಂತ್ರದ ಎಡಿಟರಿನಲ್ಲಿ ಚೆನ್ನಾಗಿ ಕಾಣ್ತಿತ್ತು. ಎರಡು ದಿನ ಫಾಂಟನ್ನ ಬೈದ, ಪಿಡಿಎಫ್ ಲೈಬ್ರರಿಯನ್ನ ಬೈದ, ಯೂನಿಕೋಡನ್ನೂ ಬೈದ. ಕೊನೆಗೆ ಆಡಿಟ್ ಲಾಗ್ ತೆರೆದು ನೋಡಿದ್ರೆ ವೆಬ್ ಸರ್ವರಿಗೆ ಆ ಫಾಂಟ್ ಫೈಲನ್ನ ಓದೋಕೆ ಬಿಟ್ಟಿಲ್ಲ. "ನೋಡಿದ್ಯಾ, ಪಾಲಿಸಿ ಬಗ್ಗು!" ಅಂದ.

ಬಗ್ ಅಲ್ಲ ಅದು. ಫಾಂಟನ್ನ ಅವನು ತನ್ನ ಡೌನ್‌ಲೋಡ್ಸ್ ಫೋಲ್ಡರಿನಿಂದ ‘ಎಂವಿ’ ಮಾಡಿ ಸಿಸ್ಟಮ್ಮಿನ ಫಾಂಟ್ ಫೋಲ್ಡರಿಗೆ ಸಾಗಿಸಿದ್ದ. ‘ಸಿಪಿ’ ಮಾಡಿದ್ರೆ ಹೊಸ ಫೈಲು ಹೋದ ಜಾಗದ ಲೇಬಲ್ ತಗೊಳ್ಳುತ್ತೆ. ‘ಎಂವಿ’ ಮಾಡಿದ್ರೆ ಹಳೇ ಲೇಬಲ್ಲನ್ನೇ ಹೊತ್ಕೊಂಡು ಹೋಗುತ್ತೆ. ಹಾಗಾಗಿ ಫಾಂಟ್ ಫೋಲ್ಡರಿನಲ್ಲಿ ಕೂತಿದ್ರೂ ಅದರ ಹಣೆ ಮೇಲೆ ‘ಯೂಸರ್_ಹೋಮ್_ಟಿ’ ಅಂತಲೇ ಇತ್ತು. ನಾವು ಕೂತು ಬಳಸೋ ಎಡಿಟರಿಗೆ ಕಟ್ಟುಪಾಡಿಲ್ಲ, ಅದಕ್ಕೇ ಅಲ್ಲಿ ಕಾಣ್ತಿತ್ತು. ವೆಬ್ ಸರ್ವರಿಗೆ ಇದೆ. ‘ರಿಸ್ಟೋರ್‌ಕಾನ್’ ಅನ್ನೋ ಒಂದು ಆಜ್ಞೆಯನ್ನ ಫಾಂಟ್ ಫೋಲ್ಡರಿನ ಮೇಲೆ ಓಡಿಸಿದ್ರೆ ಲೇಬಲ್ ಸರಿಯಾಗುತ್ತೆ, ಚೌಕಗಳೆಲ್ಲ ಕನ್ನಡ ಆಗುತ್ತೆ.

ಆಡಿಟ್‌2ಅಲೋ ಕೇಳಿದ್ರೂ ಚೌಕಗಳು ಕನ್ನಡ ಆಗ್ತಿದ್ವು. ಆದ್ರೆ ಅದು ಬರೆದುಕೊಡ್ತಿದ್ದ ನಿಯಮ ಏನು ಗೊತ್ತಾ? ವೆಬ್ ಸರ್ವರು ಹೋಮ್ ಫೋಲ್ಡರಿನ ಲೇಬಲ್ ಇರೋ ಫೈಲುಗಳನ್ನ ಓದಬಹುದು ಅಂತ. ಒಂದು ಫಾಂಟ್ ಅಲ್ಲ, ಆ ಲೇಬಲ್ ಇರೋ ಎಲ್ಲಾ ಫೈಲು. ಒಂದು ರಸೀದಿ ಮುದ್ರಿಸೋಕೆ ಮನೆ ಬೀರುವಿನ ಕೀಲಿ ಕೊಟ್ಟ ಹಾಗಾಯ್ತು. ಅದೂ ಯಾವ ಲಾಗಿನಲ್ಲೂ ಕಾಣದ ಹಾಗೆ, ಯಾಕಂದ್ರೆ ಅನುಮತಿ ಇರೋದನ್ನ ಯಾರೂ ಬರೆದುಕೊಳ್ಳಲ್ಲ.

ನಾನು ಹೇಳಬೇಕು ಅಂತಿರೋ ಮುಖ್ಯ ಮಾತು ಇಲ್ಲೇ ಇದೆ. ಪಾಲಿಸಿಯಲ್ಲಿ ಎರಡು ಥರದ ಬಗ್ ಇರಬಹುದು. ಬೇಕಾದ್ದನ್ನ ತಡೆಯೋದು ಒಂದು, ಬೇಡದ್ದನ್ನ ಬಿಡೋದು ಇನ್ನೊಂದು. ಮೊದಲನೆಯದು ಆದಾಗ ಪ್ರಿಂಟರ್ ನಿಂತುಹೋಗುತ್ತೆ, ಜನ ಕಿರುಚಾಡ್ತಾರೆ. ಎರಡನೆಯದು ಆದಾಗ ಯಾರಿಗೂ ಏನೂ ಆಗಲ್ಲ, ಕಳ್ಳ ಬರೋವರೆಗೂ. "ನನ್ನ ವೆಬ್ ಸರ್ವರಿಗೆ ಇದನ್ನೆಲ್ಲ ಓದೋಕೆ ಯಾಕೆ ಬಿಟ್ಟಿದ್ದೀರಿ?" ಅಂತ ಬಗ್ ಹಾಕಿದವರನ್ನ ನೀವು ನೋಡಿದ್ದೀರಾ? ಹಾಗಾಗಿ ಪಾಲಿಸಿ ಬರೆಯೋರ ಮೇಲೆ ಬೀಳೋ ಒತ್ತಡ ಯಾವಾಗಲೂ ಒಂದೇ ದಿಕ್ಕಿಗೆ: ಸಡಿಲಿಸಿ, ಇನ್ನೂ ಸಡಿಲಿಸಿ. ಪ್ರತಿ ವರದಿಯೂ ಒಂದು ಹೊಸ ಪಾಸಿಗೆ ಅರ್ಜಿ. ಆ ಅರ್ಜಿಯಲ್ಲಿ ಕಾರಣ ಬರೆದಿಲ್ಲ ಅಂದ್ರೆ ಅವರಾದ್ರೂ ಏನು ಮಾಡ್ತಾರೆ? ಒಂದೋ ಕೊಟ್ಟುಬಿಡ್ತಾರೆ, ಇಲ್ಲಾ ಬದಿಗಿಡ್ತಾರೆ.

ಫೆಡೋರಾದಲ್ಲಿ ‘ಸೆಟ್‌ಟ್ರಬಲ್‌ಶೂಟ್’ ಅಂತ ಒಂದು ಉಪಕರಣ ಇದೆ, 2006ರ ಕೋರ್ 6ರಿಂದ. ತಡೆ ಬಿದ್ದ ಕೂಡ್ಲೇ ಮೂಲೆಯಲ್ಲಿ ಎಚ್ಚರಿಕೆ ತೋರಿಸುತ್ತೆ, ಕಾರಣ ಊಹಿಸುತ್ತೆ, ಒಂದು ಬಟನ್ ಒತ್ತಿದ್ರೆ ಬಗ್‌ಜಿಲ್ಲಾಕ್ಕೆ ವರದಿ ಕಳಿಸುತ್ತೆ. ಅದು ಕೊಡೋ ಸಲಹೆಯಲ್ಲಿ ಒಂದು ವಾಕ್ಯ ಇರುತ್ತೆ: ಈ ಪ್ರೋಗ್ರಾಮಿಗೆ ಈ ಅನುಮತಿ ಮೊದಲಿಂದಲೇ ಇರಬೇಕು ಅಂತ ನಿಮಗನ್ನಿಸಿದರೆ ಬಗ್ ಎಂದು ವರದಿ ಮಾಡಿ, ಅನ್ನೋ ಅರ್ಥದ್ದು. ಅದರ ಕೆಳಗೇ ಆಡಿಟ್‌2ಅಲೋ ಆಜ್ಞೆ. ನಮ್ಮ ಕಣ್ಣು ಆಜ್ಞೆ ಮೇಲೆ ಹೋಗುತ್ತೆ, ಕಾಪಿ ಪೇಸ್ಟ್ ಆಗುತ್ತೆ. ಆ "ಇರಬೇಕು" ಅನ್ನೋ ಪದದ ಮೇಲೆ ಯಾರೂ ನಿಲ್ಲಲ್ಲ. ಇರಬೇಕಾ? ಅದನ್ನ ಯಂತ್ರ ಹೇಳೋಕಾಗಲ್ಲ. ಬಟನ್ ಒತ್ತಿದಾಗ ಲಾಗು ತಾನಾಗೇ ಹೋಗುತ್ತೆ, "ಏನು ಮಾಡ್ತಿದ್ರಿ?" ಅನ್ನೋ ಜಾಗದಲ್ಲಿ ಮಾತ್ರ ಮನುಷ್ಯ ಬರೀಬೇಕು. ಅಲ್ಲಿ ಎಷ್ಟೋ ಜನ "ಗೊತ್ತಿಲ್ಲ", "ಆನ್ ಮಾಡಿದೆ, ಬಂತು" ಅಂತ ಬರೆದು ಕೈತೊಳ್ಕೊಳ್ತಾರೆ. ಇಡೀ ವರದಿಯಲ್ಲಿ ಬೆಲೆ ಇರೋದು ಆ ಜಾಗಕ್ಕೇ!

ಯಾಕೆ ಅಂದ್ರೆ ತಡೆ ಬೀಳೋಕೆ ಕಾರಣಗಳು ತರಹೇವಾರಿ. 2017ರಲ್ಲಿ 4.13ನೇ ಕರ್ನಲ್ಲಿನಲ್ಲಿ ‘ಮ್ಯಾಪ್’ ಅನ್ನೋ ಹೊಸ ಅನುಮತಿ ಸೇರಿಸಿದ್ರು. ಅಲ್ಲಿವರೆಗೆ ಫೈಲನ್ನ ಓದೋ ಪಾಸ್ ಇದ್ರೆ ಅದನ್ನ ಮೆಮೊರಿಗೆ ಮ್ಯಾಪ್ ಮಾಡ್ಕೊಳ್ಳೋದೂ ಅದರಲ್ಲೇ ಬರ್ತಿತ್ತು, ಈಗ ಬೇರೆ ಪಾಸ್ ಬೇಕಾಯ್ತು. ಪಾಲಿಸಿಗೂ ಅದು ಸೇರಿದ ಮೇಲೆ, ಏನೂ ಬದಲಾಗದ ಪ್ರೋಗ್ರಾಮುಗಳಿಗೆಲ್ಲ ತಡೆ ಬೀಳತೊಡಗಿತು. ಇದು ನಿಜವಾದ ಪಾಲಿಸಿ ಬಗ್, ಉತ್ತರ ಹೊಸ ನಿಯಮವೇ. ಅದೇ ಸುಮಾರಿಗೆ ‘ಡ್ಯಾಕ್_ಓವರ್‌ರೈಡ್’ ಅನ್ನೋದರ ತಡೆಗಳೂ ತುಂಬಾ ಬಂದ್ವು. ಅದು ಫೈಲಿನ ಮಾಮೂಲಿ ಅನುಮತಿಗಳನ್ನ ರೂಟ್ ಲೆಕ್ಕಿಸದೇ ನುಗ್ಗೋ ಶಕ್ತಿ. ಅಲ್ಲಿ ಎಷ್ಟೋ ಸಲ ತಪ್ಪು ಪಾಲಿಸಿಯದ್ದಲ್ಲ. ಯಾವುದೋ ಪ್ಯಾಕೇಜು ತನ್ನ ಫೈಲಿನ ಯಜಮಾನನನ್ನೋ, ಅನುಮತಿ ಅಂಕಿಗಳನ್ನೋ ತಪ್ಪಾಗಿ ಇಟ್ಟಿರುತ್ತೆ. ಫೈಲನ್ನ ಸರಿ ಮಾಡಿದ್ರೆ ಆ ಶಕ್ತಿಯೇ ಬೇಕಾಗಲ್ಲ. ಎರಡಕ್ಕೂ ಆಡಿಟ್‌2ಅಲೋ ಕೊಡೋ ಉತ್ತರ ಒಂದೇ: ಬಿಟ್ಟುಬಿಡಿ. ಒಂದು ಕಡೆ ಅದು ಸರಿ, ಇನ್ನೊಂದು ಕಡೆ ರೋಗ ಮುಚ್ಚಿಟ್ಟ ಹಾಗೆ.

ಇನ್ನೊಂದು ಜಾತಿ ಇದೆ, ನನಗೆ ಬಹಳ ಇಷ್ಟವಾದದ್ದು. ಲಾಗಿನಲ್ಲಿ ತಡೆ ಕಾಣುತ್ತೆ, ಆದ್ರೆ ಪ್ರೋಗ್ರಾಮು ಆರಾಮಾಗಿ ಓಡ್ತಿರುತ್ತೆ. ಒಂದು ಪ್ರೋಗ್ರಾಮು ತಾನು ತೆರೆದ ಫೈಲನ್ನ ಮುಚ್ಚದೇ ಇನ್ನೊಂದು ಪ್ರೋಗ್ರಾಮನ್ನ ಶುರು ಮಾಡಿದ್ರೆ ಆ ಫೈಲಿನ ಹಿಡಿಕೆ ಮಗುವಿಗೂ ಹೋಗುತ್ತೆ. ಮಗುವಿಗೆ ಅದು ಬೇಕಾಗಿಲ್ಲ, ಗೊತ್ತೂ ಇಲ್ಲ. ಎಸ್‌ಇಲಿನಕ್ಸ್ ಅದನ್ನ ಕಿತ್ಕೊಂಡು ಲಾಗಿನಲ್ಲಿ ಬರೆಯುತ್ತೆ. ಇದು ಮೂಲ ಪ್ರೋಗ್ರಾಮ್ ಬರೆದವನ ಬಗ್, ವರದಿ ಹೋಗಬೇಕಾದ್ದು ಅವನ ಹತ್ರ. ಪಾಲಿಸಿಯಲ್ಲಿ ಬೇಕಿದ್ರೆ ‘ಡೋಂಟ್‌ಆಡಿಟ್’ ಅಂತ ಹಾಕ್ತಾರೆ, ಅಂದ್ರೆ ತಡಿ, ಆದ್ರೆ ಗಲಾಟೆ ಮಾಡಬೇಡ. ನಿಮ್ಮ ವರದಿಯಲ್ಲಿ "ತಡೆ ಕಾಣಿಸಿತು, ಆದ್ರೆ ಏನೂ ಕೆಡಲಿಲ್ಲ" ಅನ್ನೋ ಒಂದು ಸಾಲು ಇದ್ರೆ ಸಾಕು, ಒಂದು ಅನಗತ್ಯ ಪಾಸು ತಪ್ಪುತ್ತೆ.

ಈಗ ಕೇಳಿ, ನಮ್ಮಂಥವರ ವರದಿ ಯಾಕೆ ಹೆಚ್ಚು ಬೇಕು ಅಂತ. ಫೆಡೋರಾದ ಪಾಲಿಸಿ ನೋಡಿಕೊಳ್ಳೋ ರೆಡ್ ಹ್ಯಾಟ್ ತಂಡದವರು ಹೆಚ್ಚಾಗಿ ಚೆಕ್ ದೇಶದ ಬರ್ನೋದಲ್ಲಿ ಕೂತು ಕೆಲಸ ಮಾಡೋರು. ಅವರ ಮೇಜಿನ ಮೇಲೆ ಏನಿದೆಯೋ ಅದನ್ನ ಅವರು ಪರೀಕ್ಷೆ ಮಾಡ್ತಾರೆ. ನಮ್ಮಲ್ಲಿ ಇನ್‌ಕಮ್ ಟ್ಯಾಕ್ಸಿಗೆ, ಇ-ಟೆಂಡರಿಗೆ ಬಳಸೋ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದೆಯಲ್ಲ, ಲೆಕ್ಕಪರಿಶೋಧಕರ ಕೀ ಚೈನಿನಲ್ಲಿ ನೇತಾಡೋದು, ಅದು ಅವರ ಮೇಜಿನ ಮೇಲೆ ಇರಲ್ಲ. ಅದರ ಡ್ರೈವರನ್ನ ಮಾರಾಟಗಾರರು ಒಂದು ಸ್ಕ್ರಿಪ್ಟಿನಲ್ಲಿ ಕೊಡ್ತಾರೆ, ಅದು ಎಲ್ಲೆಲ್ಲೋ ಫೈಲ್ ಇಡುತ್ತೆ. ಸ್ಮಾರ್ಟ್‌ಕಾರ್ಡ್ ಓದೋ ‘ಪಿಸಿಎಸ್‌ಸಿಡಿ’ ಫೆಡೋರಾದಲ್ಲಿ ಕಟ್ಟುಪಾಡಿಗೆ ಒಳಪಟ್ಟ ಸರ್ವಿಸು. ಇವೆರಡು ಭೇಟಿಯಾದಾಗ ಏನಾಗುತ್ತೆ ಅಂತ ಬರ್ನೋದವರಿಗೆ ಹೇಗೆ ಗೊತ್ತಾಗಬೇಕು? ನಾವು ಹೇಳಿದ್ರೆ ತಾನೇ! ಕನ್ನಡ ಟೈಪಿಂಗ್, ಪಂಚಾಯ್ತಿ ಆಫೀಸಿನ ಬೆರಳಚ್ಚು ಯಂತ್ರ, ಇಲ್ಲೇ ಮಾರೋ ಪ್ರಿಂಟರ್, ಎಲ್ಲಕ್ಕೂ ಇದೇ ಮಾತು.

ಹೇಳಿದ್ರೆ ಕೇಳ್ತಾರಾ ಅಂತೀರಾ? ಫೆಡೋರಾ ಪಾಲಿಸಿಯ ಕಡತದಲ್ಲಿ ಬ್ರದರ್ ಕಂಪನಿಯ ಪ್ರಿಂಟರ್ ಡ್ರೈವರುಗಳು ಕೂರೋ ಫೋಲ್ಡರುಗಳ ಹೆಸರು ಸಾಲಾಗಿ ಇವೆ, ಆ ಫೈಲುಗಳಿಗೆ ಯಾವ ಲೇಬಲ್ ಹಾಕಬೇಕು ಅಂತ. ಆ ಡ್ರೈವರು ಫೆಡೋರಾದ್ದಲ್ಲ, ಜನ ಹೊರಗಿನಿಂದ ತಂದು ಹಾಕ್ಕೊಳ್ಳೋದು. ಆ ಪ್ರಿಂಟರು ಮನೆಯಲ್ಲಿಟ್ಟುಕೊಂಡವರು ಯಾರೋ ಒಂದು ದಿನ ಕೂತು ತಿಳಿಸದೇ ಆ ಸಾಲುಗಳು ಬಂದಿರಲಾರವು ಅಂತ ನನ್ನ ನಂಬಿಕೆ. ಈಗ ಹೊಸದಾಗಿ ಬ್ರದರ್ ಪ್ರಿಂಟರ್ ಕೊಂಡವನಿಗೆ ಅಂಥ ಒಬ್ಬ ಇದ್ದ ಅಂತಲೂ ಗೊತ್ತಿಲ್ಲ. ಒಂದು ಸಾಲು ಸಿ ಕೋಡ್ ಬರೆಯದೇ ಮಾಡಬಹುದಾದ ಉಪಕಾರ ಇದು.

ಸರಿ, ಹೇಗೆ ಬರೀಬೇಕು? ಮೊದಲು ‘ರಿಸ್ಟೋರ್‌ಕಾನ್’ಗೆ ‘-ಎನ್‌ವಿ’ ಸೇರಿಸಿ ಓಡಿಸಿ. ಏನನ್ನೂ ಬದಲಾಯಿಸದೇ, ಲೇಬಲ್ ತಪ್ಪಿರೋ ಫೈಲುಗಳನ್ನ ತೋರಿಸುತ್ತೆ. ನಮ್ಮ ಫಾಂಟಿನ ಕಥೆ ಆಗಿದ್ರೆ ಇಲ್ಲೇ ಮುಗಿಯಿತು. ಆಮೇಲೆ ಬೂಲಿಯನ್ನುಗಳನ್ನ ನೋಡಿ. ವೆಬ್ ಸರ್ವರು ಹೊರಗಿನ ನೆಟ್‌ವರ್ಕಿಗೆ ಸಂಪರ್ಕ ಮಾಡೋದು, ಇಮೇಲ್ ಕಳಿಸೋದು ಇಂಥದ್ದಕ್ಕೆಲ್ಲ ಪಾಲಿಸಿಯಲ್ಲೇ ಸ್ವಿಚ್ಚುಗಳಿವೆ, ಆಫ್ ಆಗಿರ್ತವೆ, ಬೇಕಾದವರು ಆನ್ ಮಾಡ್ಕೊಳ್ಳಲಿ ಅಂತ. ಎರಡೂ ಅಲ್ಲ ಅಂದ್ಮೇಲೆ ಬಗ್ ಇರಬಹುದು.

ಇಲ್ಲಿ ಒಂದು ಉಪಾಯ ಹೇಳ್ತೀನಿ, ಎಷ್ಟೋ ಜನರಿಗೆ ಗೊತ್ತಿಲ್ಲ. ಇಡೀ ಯಂತ್ರದಲ್ಲಿ ಎಸ್‌ಇಲಿನಕ್ಸ್ ಸಡಿಲ ಮಾಡೋ ಬದಲು ಆ ಒಂದೇ ಪ್ರೋಗ್ರಾಮಿನ ಲೇಬಲ್ಲಿಗೆ ಮಾತ್ರ ಸಡಿಲ ಮಾಡಬಹುದು, ‘ಸೆಮ್ಯಾನೇಜ್ ಪರ್ಮಿಸಿವ್ -ಎ’ ಅಂತ. ಆಗ ಅದನ್ನ ತಡೆಯಲ್ಲ, ಬರೀ ಬರೆದುಕೊಳ್ಳುತ್ತೆ. ಮಿಕ್ಕವೆಲ್ಲ ಕಾವಲಲ್ಲೇ ಇರ್ತವೆ. ನಿಮ್ಮ ಕೆಲಸವೂ ನಿಲ್ಲಲ್ಲ. ಇನ್ನೊಂದು ಲಾಭ: ಜಾರಿಯಲ್ಲಿದ್ದಾಗ ಪ್ರೋಗ್ರಾಮು ಮೊದಲನೇ ತಡೆಗೇ ಬಿದ್ದುಹೋಗುತ್ತೆ, ಮುಂದಿನ ಐದು ತಡೆ ಕಾಣೋದೇ ಇಲ್ಲ. ಒಂದು ಸರಿ ಮಾಡಿದ ಮೇಲೆ ಎರಡನೇದು, ಅದಾದ ಮೇಲೆ ಮೂರನೇದು, ವರದಿ ಮಾಡಿ ಮಾಡಿ ಇಬ್ಬರಿಗೂ ಸುಸ್ತು. ಹೀಗೆ ಮಾಡಿದ್ರೆ ಒಂದೇ ಸಲಕ್ಕೆ ಎಲ್ಲಾ ಸಿಗುತ್ತೆ. ಕೆಲಸ ಆದ್ಮೇಲೆ ‘-ಡಿ’ ಹಾಕಿ ವಾಪಸ್ ಕಟ್ಟಿ, ಮರೀಬೇಡಿ.

ಲಾಗನ್ನ ‘ಎಯುಸರ್ಚ್’ನಿಂದ ತೆಗೆದು ಅಕ್ಷರದಲ್ಲೇ ಹಾಕಿ, ಸ್ಕ್ರೀನ್‌ಶಾಟ್ ಬೇಡ, ಅದರಲ್ಲಿ ಹುಡುಕೋಕಾಗಲ್ಲ. ಪಾಲಿಸಿ ಪ್ಯಾಕೇಜಿನ ಆವೃತ್ತಿ ಬರೀರಿ. ಮಿಕ್ಕಿದ್ದು ನಾಲ್ಕು ಸಾಲು: ಏನು ಮಾಡೋಕೆ ಹೋಗಿದ್ರಿ, ಏನು ಕೆಟ್ಟಿತು, ಇದು ಆ ಪ್ರೋಗ್ರಾಮಿನ ಮಾಮೂಲಿ ಕೆಲಸವಾ ಇಲ್ಲಾ ನೀವೇ ಮಾಡ್ಕೊಂಡ ವಿಶೇಷ ಏರ್ಪಾಡಾ, ಮೊದಲು ಓಡ್ತಿತ್ತಾ. ಇಂಗ್ಲಿಷ್ ಅಂತ ಹೆದರೋರು ನಮ್ಮಲ್ಲಿ ಇದ್ದಾರೆ, ಅದರಲ್ಲೂ ನನ್ನ ಹಾಗೆ ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದವರು. ನೋಡಿ, ಓದೋ ಚೆಕ್ ಇಂಜಿನಿಯರಿಗೂ ಅದು ಮನೆ ಭಾಷೆ ಅಲ್ಲ. ಚಿಕ್ಕ ಚಿಕ್ಕ ವಾಕ್ಯ ಬರೆದ್ರೆ ಅವರಿಗೇ ಖುಷಿ.

"ಬಗ್ ಹಾಕಿದ್ರೆ ನಾಟ್ ಎ ಬಗ್ ಅಂತ ಮುಚ್ಚಿಬಿಡ್ತಾರೆ" ಅನ್ನೋ ದೂರು ಕೇಳಿದ್ದೀನಿ. ಅದರಲ್ಲಿ ಅವಮಾನ ಏನಿದೆ? ಈ ಪಾಸು ಕೊಡಲ್ಲ ಅಂತ ಯಾರೋ ಯೋಚಿಸಿ ಹೇಳಿದ್ದಾರೆ, ನಿಮ್ಮ ಯಂತ್ರದಲ್ಲಿ ಬೇಕಿದ್ರೆ ನೀವು ತಿಳಿದೇ ಕೊಟ್ಕೊಳ್ಳಿ. ಇನ್ನೊಂದು ದೂರಿನಲ್ಲಿ ಮಾತ್ರ ನ್ಯಾಯ ಇದೆ. ಫೆಡೋರಾದ ಒಂದು ಆವೃತ್ತಿಯ ಆಯಸ್ಸು ಸುಮಾರು 13 ತಿಂಗಳು. ಅದು ಮುಗಿದ ದಿನ ಆ ಆವೃತ್ತಿಯ ಮೇಲೆ ತೆರೆದೇ ಇರೋ ಬಗ್‌ಗಳೆಲ್ಲ ತಾನಾಗೇ ಮುಚ್ಚಿಹೋಗ್ತವೆ, ಯಾರೂ ನೋಡಿಲ್ಲದಿದ್ರೂ. ಅದಕ್ಕೆ ತಿಂಗಳು ಮುಂಚೆ ಒಂದು ಯಾಂತ್ರಿಕ ಸೂಚನೆ ಬರುತ್ತೆ, ಹೊಸ ಆವೃತ್ತಿಯಲ್ಲೂ ಇದ್ರೆ ಆವೃತ್ತಿ ಬದಲಾಯಿಸಿ ಅಂತ. ನಾಲ್ಕು ಸಂಜೆ ಕೂತು ಬರೆದ ವರದಿಗೆ ಒಂದು ರೋಬೋಟು ನಮಸ್ಕಾರ ಹೇಳಿ ಬಾಗಿಲು ಹಾಕಿದ್ರೆ ಯಾರಿಗಾದ್ರೂ ಉರಿಯುತ್ತೆ. ನನಗನ್ನಿಸೋದು, ಪಾಲಿಸಿಯಂಥ ವಿಷಯದಲ್ಲಿ ಕನಿಷ್ಠ ಒಂದು ಸಲ ಮನುಷ್ಯ ನೋಡಿದ ಮೇಲೇ ಮುಚ್ಚೋ ನಿಯಮ ಇರಬೇಕು. ಅದು ಬರೋವರೆಗೆ ಆ ಸೂಚನೆ ಬಂದಾಗ ಎರಡು ನಿಮಿಷ ಖರ್ಚು ಮಾಡಿ, ಹೊಸದರಲ್ಲಿ ಪರೀಕ್ಷಿಸಿ, ಅಂಕಿ ಬದಲಾಯಿಸಿ. ಸಮಸ್ಯೆ ಎಲ್ಲಾ ಆವೃತ್ತಿಯಲ್ಲೂ ಇದ್ರೆ ‘ರಾಹೈಡ್’ಗೆ ಹಾಕಿ.

ಕೊನೆಗೆ ಎರಡು ಎಚ್ಚರಿಕೆ. ಲಾಗ್ ಹಾಕೋ ಮುಂಚೆ ಒಂದು ಸಲ ಓದಿ. ಅದರಲ್ಲಿ ನಿಮ್ಮ ಯಂತ್ರದ ಹೆಸರು, ಫೈಲುಗಳ ಹೆಸರು ಎಲ್ಲಾ ಇರುತ್ತೆ. ಆಫೀಸಿನ ಗಿರಾಕಿ ಹೆಸರಿರೋ ಫೋಲ್ಡರು, ‘ಸಂಬಳ_ಪಟ್ಟಿ’ ಅನ್ನೋ ಫೈಲು ಜಗತ್ತಿಗೆಲ್ಲ ಕಾಣೋದು ಬೇಡ. ಹೆಸರು ಬದಲಾಯಿಸಿ ಹಾಕಿ, ಲೇಬಲ್ ಮಾತ್ರ ಮುಟ್ಟಬೇಡಿ. ಇನ್ನು, ನಾನು ಆಗಲೇ ಹೇಳಿದ ಆ ಎರಡನೇ ಥರದ ಬಗ್, ಅಂದ್ರೆ ಬೇಡದ್ದನ್ನ ಬಿಟ್ಟಿರೋದು, ಅಪರೂಪಕ್ಕೆ ನಿಮ್ಮ ಕಣ್ಣಿಗೆ ಬಿದ್ರೆ ಅದನ್ನ ಎಲ್ಲರಿಗೂ ಕಾಣೋ ಹಾಗೆ ಹಾಕಬೇಡಿ. ಬಗ್‌ಜಿಲ್ಲಾದಲ್ಲಿ ಸುರಕ್ಷತೆಗೆ ಸಂಬಂಧಿಸಿದ ಖಾಸಗಿ ವರದಿ ಅಂತ ಗುರುತು ಹಾಕೋ ಅವಕಾಶ ಇದೆ, ಅದನ್ನ ಒತ್ತಿ ಕಳಿಸಿ.